ಮಾತಾಡದ ತರಗತಿಯನ್ನು ಮಾತಾಡಿಸುವ ಕಲೆ

ಆನ್‌ಲೈನ್ ತರಗತಿಯಲ್ಲಿ "ಎಲ್ಲರಿಗೂ ಅರ್ಥ ಆಯ್ತಾ?" ಎಂದು ಕೇಳಿ ನೋಡಿ. ಅರ್ಥವಾದವರೂ "ಎಸ್ ಸರ್" ಎಂದು ಬರೆಯುತ್ತಾರೆ, ಆಗದವರೂ ಅದನ್ನೇ ಬರೆಯುತ್ತಾರೆ. ಪಳಗಿದ ಅಧ್ಯಾಪಕರು ಆ ಪ್ರಶ್ನೆಯ ಗೊಡವೆಗೇ ಹೋಗುವುದಿಲ್ಲ.

ಕೋಲಾರ ತಾಲ್ಲೂಕಿನ ಸುಗಟೂರು ಹೋಬಳಿಯ ಹಳ್ಳಿಯೊಂದರಲ್ಲಿ ಕೂತು ಪದವಿ ಓದುವ ಹುಡುಗಿಯೊಬ್ಬಳಿದ್ದಾಳೆ ಎನ್ನೋಣ. ಅಂದಿನ ಪಾಠ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು. ವ್ಯಾಖ್ಯೆ ಕೇಳಿದರೆ ಅವಳ ಮೈಕ್ ಆನ್ ಆಗುವುದಿಲ್ಲ. "ಕೋಲಾರದ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ರೇಟು ಅರ್ಧಕ್ಕೆ ಬಿದ್ದ ದಿನ, ನಿಮ್ಮ ಮನೆ ಸಾರಿಗೆ ಎರಡರಷ್ಟು ಟೊಮೆಟೊ ಹಾಕ್ತೀರಾ?" ಎಂದು ಕೇಳಿದರೆ ಅವಳಿಗೆ ಹೇಳಲು ಬೇಕಾದಷ್ಟಿದೆ. ಇಲ್ಲ, ಸ್ವಲ್ಪ ಹೆಚ್ಚು ಹಾಕಬಹುದು ಅಷ್ಟೇ, ಎನ್ನುತ್ತಾಳೆ. ಹಾಗಿದ್ದರೆ ಬೆಳೆ ಚೆನ್ನಾಗಿ ಬಂದ ವರ್ಷವೇ ರೈತನ ಕೈಗೆ ದುಡ್ಡು ಕಡಿಮೆ ಬರುವುದೇಕೆ? ಈ ಎರಡನೆಯ ಪ್ರಶ್ನೆ ಅವಳ ಉತ್ತರದಿಂದಲೇ ಹುಟ್ಟಿತು. ಪಾಠ ಅಲ್ಲಿಂದ ಮುಂದೆ ಹೋಗುತ್ತದೆ. ಇಂಥ ಪ್ರಶ್ನೆ ಹೊಸೆಯಲು ಹಿಂದಿನ ರಾತ್ರಿಯೇ ಕೂರಬೇಕು. ನನಗೆ ಅತ್ಯಂತ ಗೌರವ ಮೂಡುವುದು ಆ ದುಡಿಮೆಯ ಮೇಲೆ.

ಕೇಳಿದ ಮೇಲೆ ಕಾಯಬೇಕು. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಗಮನಿಸಿದಂತೆ, ಶಿಕ್ಷಕರು ಉತ್ತರಕ್ಕೆ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡು. ಅದನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿದ್ದವರೂ ಬಾಯಿಬಿಟ್ಟರು. ನೆಟ್‌ವರ್ಕ್ ತಡವರಿಸುವ ಊರಿನಲ್ಲಿ, ಮೊಬೈಲಿನಲ್ಲಿ ಕನ್ನಡ ಟೈಪಿಸುವವರಿಗೆ ಮೂರು ಸೆಕೆಂಡು ಎಲ್ಲಿ ಸಾಕು?

ಬಾಯಿ ಕಟ್ಟುವ ಇನ್ನೊಂದು ತಡೆ ಭಾಷೆಯ ಸಂಕೋಚ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳ ಮಾತು ತೆಲುಗು, ಓದು ಕನ್ನಡ, ಪಠ್ಯಪುಸ್ತಕ ಇಂಗ್ಲಿಷ್. "ಹೇಗೆ ಬರುತ್ತೋ ಹಾಗೆ ಹೇಳಮ್ಮ" ಎಂದು ಮೊದಲ ದಿನವೇ ಹೇಳಿ, ವಾಟ್ಸಾಪ್ ಧ್ವನಿಸಂದೇಶವನ್ನೂ ಉತ್ತರವೆಂದು ಒಪ್ಪುವ ಮೇಷ್ಟ್ರಿಗೆ ಅರ್ಧ ತರಗತಿ ಒಲಿಯುತ್ತದೆ.

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆಯಾಗಿ 2017ರಲ್ಲಿ ಶುರುವಾದ 'ಸ್ವಯಂ'ನ ಕೋರ್ಸುಗಳಲ್ಲಿ ವಿಡಿಯೊ, ಓದುವ ಸಾಮಗ್ರಿ, ಸ್ವಯಂ ಪರೀಕ್ಷೆಗಳ ಜೊತೆ ಚರ್ಚೆಗೂ ಜಾಗವಿದೆ. ಆದರೆ ಆ ಜಾಗ ತುಂಬುವವರು ಬೇಕು. ಬಲ್ಲವರು ಒಂದಕ್ಕೊಂದು ಒಗ್ಗದ ಎರಡು ಉತ್ತರಗಳನ್ನು ಆರಿಸಿ, ಸರಿ ಯಾವುದೆಂದು ಹೇಳದೆ, ನಾಲ್ಕು ನಾಲ್ಕು ಜನರ ಗುಂಪುಗಳಿಗೆ ವಾದಕ್ಕೆ ಬಿಡುತ್ತಾರೆ. ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಿಂದ ಬಳಕೆಗೆ ತಂದ ಕ್ರಮವೂ ಇದಕ್ಕೆ ಹತ್ತಿರದ್ದು: ಮೊದಲು ಮತ, ಆಮೇಲೆ ಪಕ್ಕದವರೊಡನೆ ವಾದ, ಮತ್ತೆ ಮತ. ಎರಡನೆಯ ಸಲ ಮನಸ್ಸು ಬದಲಿಸಿದವರನ್ನು ಬಲ್ಲ ಮೇಷ್ಟ್ರು ಮೊದಲು ಮಾತಾಡಿಸುತ್ತಾರೆ.