ಜರ್ಮನಿಯ ಬಾಡಿಗೆ ಮನೆಯಲ್ಲಿ ಬಟ್ಟೆ ಒಗೆಯುವ ಬಗೆ

ಜರ್ಮನಿಯಲ್ಲಿ ವಾಷಿಂಗ್ ಮಷೀನು ಮನೆಯ ಭಾಗವಲ್ಲ, ಬಾಡಿಗೆದಾರರ ಸಾಮಾನು. ಮಂಚ, ಬೀರುಗಳ ಹಾಗೆ ಅದನ್ನೂ ಅವರೇ ತರಬೇಕು, ಮನೆ ಬಿಡುವಾಗ ಅವರೇ ಒಯ್ಯಬೇಕು. ದೀರ್ಘಕಾಲಕ್ಕೆ ಬಾಡಿಗೆಗೆ ಸಿಗುವ ಅಲ್ಲಿನ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಟ್ಟೆ, ಒಲೆ, ಚಾವಣಿಯ ದೀಪ ಕೂಡ ಇರುವುದಿಲ್ಲ. ಬೆಂಗಳೂರಿನಿಂದ ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್‌ಗಳಿಗೆ ಕೆಲಸಕ್ಕೋ ಓದಿಗೋ ಹೋಗುವ ಕನ್ನಡಿಗರು ಮೊದಲ ತಿಂಗಳಲ್ಲಿ ಬಾಡಿಗೆ, ಬ್ಯಾಂಕು, ನೋಂದಣಿ ಎಂದು ಓಡಾಡುತ್ತಾರೆ. ಬಟ್ಟೆ ಒಗೆಯುವ ವಿಚಾರ ನೆನಪಾಗುವುದು ಮೈಲಿಗೆ ಬಟ್ಟೆ ರಾಶಿ ಬಿದ್ದ ಮೇಲೆ. ಮನೆ ನೋಡಲು ಹೋದ ದಿನವೇ ಕೇಳಬೇಕಾದ ವಿಚಾರ ಅದು.

ಬಾಡಿಗೆ ಜಾಹೀರಾತಿನ ಎರಡು ಜರ್ಮನ್ ಪದಗಳನ್ನು ತಿಳಿದುಕೊಂಡಿದ್ದರೆ ಅರ್ಧ ಕೆಲಸ ಮುಗಿದಂತೆ. ‘ವಾಶ್‌ಮಶೀನೆನ್‌ಆನ್‌ಶ್ಲುಸ್’ ಎಂದಿದ್ದರೆ ಮಷೀನಿಗೆ ಬೇಕಾದ ನಲ್ಲಿ, ಕೊಳೆನೀರು ಹೋಗುವ ಕೊಳವೆ, ವಿದ್ಯುತ್ ಪ್ಲಗ್ ಮನೆಯೊಳಗೇ ಇವೆ ಎಂದರ್ಥ. ಮಷೀನು ಇದೆ ಎಂದಲ್ಲ. ಹೊಸಬರು ಎಡವುವುದು ಇಲ್ಲೇ. ಎರಡನೆಯ ಪದ ‘ವಾಶ್‌ಕ್ಯುಶೆ’. ಅಕ್ಷರಶಃ ‘ಒಗೆಯುವ ಅಡುಗೆಮನೆ’. ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಯವರಿಗೂ ಸೇರಿ ಇರುವ ಒಗೆಯುವ ಕೋಣೆ. ಜಾಹೀರಾತಿನಲ್ಲಿ ಎರಡೂ ಪದ ಇಲ್ಲದಿದ್ದರೆ ಆ ಮನೆಯವರು ವಾರವಾರವೂ ಬಟ್ಟೆಯ ಚೀಲ ಹೊತ್ತು ಹೊರಗೆ ಹೋಗಬೇಕಾಗಬಹುದು.

ನೆಲಮಾಳಿಗೆಯ ಕೋಣೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಹಿಂದೆ ಅಲ್ಲಿ ನಿಜವಾಗಿಯೂ ಒಲೆ ಇತ್ತು. ನಮ್ಮ ಬಚ್ಚಲಿನ ಹಂಡೆಯಂಥ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಿಳಿ ಬಟ್ಟೆ ಕುದಿಸಿ, ಹಲಗೆಯ ಮೇಲೆ ತಿಕ್ಕುತ್ತಿದ್ದರು. ಡ್ಯುಸೆಲ್‌ಡಾರ್ಫಿನ ಹೆಂಕೆಲ್ ಕಂಪನಿ 1907ರಲ್ಲಿ ‘ಪೆರ್ಸಿಲ್’ ಪುಡಿಯನ್ನು ತಂದಾಗ ತಿಕ್ಕುವ ಕಷ್ಟ ಕಡಿಮೆಯಾಯಿತು, ಕುದಿಸುವುದು ಉಳಿಯಿತು. 1951ರಲ್ಲಿ ಜರ್ಮನಿಯ ಮೊದಲ ಪೂರ್ಣ ಸ್ವಯಂಚಾಲಿತ ಮಷೀನು ‘ಕನ್‌ಸ್ಟ್ರುಕ್ಟಾ’ ಬಂತು. ಅದರ ಅದುರಾಟ ಎಷ್ಟಿತ್ತೆಂದರೆ ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಿತ್ತು. ಅಂಥ ಯಂತ್ರಕ್ಕೆ ನೆಲಮಾಳಿಗೆಯೇ ಸರಿಯಾದ ಜಾಗ. ಒಲೆ ಹೋದರೂ ಕೋಣೆ ಉಳಿದುಕೊಂಡಿತು, ಹೆಸರೂ ಉಳಿದುಕೊಂಡಿತು.

ಇಂದಿನ ವಾಶ್‌ಕ್ಯುಶೆಗಳಲ್ಲಿ ಎರಡು ಬಗೆ. ಕೆಲವು ಕಡೆ ಮಾಲೀಕರೇ ಒಂದೆರಡು ಮಷೀನು ಇಟ್ಟಿರುತ್ತಾರೆ. ನಾಣ್ಯ, ಬಿಲ್ಲೆ ಅಥವಾ ಕಾರ್ಡು ಹಾಕಿದರೆ ಓಡುತ್ತವೆ. ಇನ್ನು ಕೆಲವು ಕಡೆ ಗೋಡೆಯುದ್ದಕ್ಕೂ ನಲ್ಲಿ, ಪ್ಲಗ್ ಮಾತ್ರ ಇದ್ದು, ಪ್ರತಿ ಮನೆಯವರೂ ತಮ್ಮ ಮಷೀನನ್ನು ಅಲ್ಲಿ ತಂದು ನಿಲ್ಲಿಸುತ್ತಾರೆ. ಇಂಥ ಕಡೆ ಪ್ಲಗ್ ಮೇಲೆ ಆಯಾ ಮನೆಯ ಹೆಸರೋ ಸಂಖ್ಯೆಯೋ ಬರೆದಿರುತ್ತದೆ, ಏಕೆಂದರೆ ಅದರ ತಂತಿ ಆ ಮನೆಯ ಮೀಟರಿಗೇ ಸೇರಿರುತ್ತದೆ. ತಪ್ಪು ಪ್ಲಗ್‌ಗೆ ಚುಚ್ಚಿದರೆ ಪಕ್ಕದವರ ಬಿಲ್ಲು ಏರುತ್ತದೆ. ಯಾರು ಯಾವ ದಿನ ಒಗೆಯಬೇಕೆಂಬ ಪಟ್ಟಿ ಬಾಗಿಲಿನ ಮೇಲೆ ತೂಗುಬಿದ್ದಿದ್ದರೆ ಅದನ್ನು ಗಂಭೀರವಾಗಿಯೇ ನಡೆಸಿಕೊಳ್ಳಬೇಕು. ಮುಗಿದ ಮೇಲೆ ಬಟ್ಟೆಯನ್ನು ಡ್ರಮ್ಮಿನಲ್ಲೇ ಬಿಟ್ಟು ಹೋಗುವುದು ನೆರೆಹೊರೆಯ ಮನಸ್ತಾಪಕ್ಕೆ ಸುಲಭದ ದಾರಿ.

ಸ್ವಂತ ಮಷೀನನ್ನು ಮನೆಯೊಳಗೇ ಇಡುವುದಾದರೆ ಅಳತೆಯಿಂದ ಶುರುಮಾಡಬೇಕು. ಮುಂದೆ ಬಾಗಿಲಿರುವ ಸಾಮಾನ್ಯ ಮಷೀನಿನ ಅಗಲ 60 ಸೆಂ.ಮೀ., ಎತ್ತರ 85 ಸೆಂ.ಮೀ. ಬಚ್ಚಲು ಇಕ್ಕಟ್ಟಾಗಿದ್ದರೆ ಮೇಲಿನಿಂದ ಬಟ್ಟೆ ಹಾಕುವ, 40ರಿಂದ 45 ಸೆಂ.ಮೀ. ಅಗಲದವು ಸಿಗುತ್ತವೆ. ಈ ಮಷೀನುಗಳು ತಣ್ಣೀರನ್ನಷ್ಟೇ ಎಳೆದುಕೊಂಡು ಒಳಗೇ ಕಾಯಿಸುತ್ತವೆ, ಆದ್ದರಿಂದ ಒಂದೇ ನಲ್ಲಿ ಸಾಕು. ಡ್ರಮ್ಮು ಅದುರದಿರಲೆಂದು ಒಳಗೆ ಕಾಂಕ್ರೀಟಿನ ಭಾರ ಕೂರಿಸಿರುವುದರಿಂದ ಒಂದೊಂದೂ 60ರಿಂದ 80 ಕೆ.ಜಿ. ತೂಗುತ್ತದೆ. ಈ ತೂಕ ಕಾಡುವುದು ತಲುಪಿಸುವ ದಿನ. ಅಂಗಡಿಯವರು ಹೇಳಿದ ಅಗ್ಗದ ಸಾಗಣೆ ದರ ಎಷ್ಟೋ ಸಲ ಕಟ್ಟಡದ ಮುಂದಿನ ಪಾದಚಾರಿ ದಾರಿಯ ಅಂಚಿನವರೆಗೆ ಮಾತ್ರ. ಲಿಫ್ಟ್ ಇಲ್ಲದ ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿರುವವರು ಕೊಳ್ಳುವಾಗಲೇ ‘ಇಡುವ ಜಾಗದವರೆಗೆ’ ತಲುಪಿಸುವುದಾಗಿ ಬರೆಸಿಕೊಳ್ಳುವುದು ಲೇಸು. ಹೊಸದನ್ನು ತಂದವರು ಹಳೆಯದನ್ನು ಹಿಂದಕ್ಕೆ ಒಯ್ಯಬೇಕೆಂಬ ಕಾನೂನೂ ಅಲ್ಲಿದೆ. ದೊಡ್ಡ ಅಂಗಡಿಗಳು ಇದಕ್ಕೆ ಬದ್ಧ.

ಹೊಸ ಮಷೀನಿನ ಬೆನ್ನಲ್ಲಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟುಗಳಿರುತ್ತವೆ. ಸ್ಪ್ರಿಂಗುಗಳ ಮೇಲೆ ತೂಗುವ ಡ್ರಮ್ಮು ಸಾಗಣೆಯಲ್ಲಿ ಬಡಿದುಕೊಳ್ಳದಿರಲೆಂದು ಅವನ್ನು ಬಿಗಿದಿರುತ್ತಾರೆ. ಬಿಚ್ಚದೆ ಓಡಿಸಿದರೆ ಹಿಂಡುವ ಹೊತ್ತಿಗೆ ಮಷೀನು ಗುಡುಗುತ್ತಾ, ನೆಗೆಯುತ್ತಾ ಗೋಡೆ ಬಿಟ್ಟು ಕೋಣೆಯ ನಡುವಿಗೆ ಬಂದು ನಿಲ್ಲುತ್ತದೆ. ಬೇರಿಂಗೂ ಹಾಳು, ಕೆಳಗಿನವರ ನಿದ್ದೆಯೂ ಹಾಳು. ಬಿಚ್ಚಿದ ಬೋಲ್ಟುಗಳನ್ನು ಎಸೆಯದೆ ಚೀಲಕ್ಕೆ ಹಾಕಿ ಎತ್ತಿಡಬೇಕು, ಮನೆ ಬದಲಿಸುವಾಗ ಮತ್ತೆ ಬೇಕಾಗುತ್ತವೆ.

ಪುಡಿ ಹಾಕುವ ಡ್ರಾಯರನ್ನು ಎಳೆದರೆ ಮೂರು ಖಾನೆ ಕಾಣುತ್ತವೆ. ರೋಮನ್ ಅಂಕಿಯ ಒಂದು, ಎರಡು, ಮತ್ತೊಂದರ ಮೇಲೆ ಪುಟ್ಟ ಹೂವು. ಮೊದಲು ಬಂದದ್ದೇ ಒಂದು ಎಂದು ಅದರಲ್ಲಿ ಪುಡಿ ಸುರಿಯುವವರು ಬಹಳ. ಅದು ಪೂರ್ವ ಒಗೆತದ ಖಾನೆ. ಆ ಹಂತವನ್ನು ಆರಿಸದಿದ್ದರೆ ನೀರು ಅದರೊಳಗೆ ಹರಿಯುವುದೇ ಇಲ್ಲ, ಬಟ್ಟೆ ಬರಿ ನೀರಿನಲ್ಲಿ ಉರುಳಿ ಹೊರಬರುತ್ತದೆ. ಪುಡಿ ಹೋಗಬೇಕಾದದ್ದು ಎರಡನೆಯದಕ್ಕೆ. ಹೂವಿನ ಖಾನೆ ಬಟ್ಟೆ ಮೃದುವಾಗಿಸುವ ದ್ರವಕ್ಕೆ. ತಿರುಗಿಸುವ ಗುಂಡಿಯ ಮೇಲೆ ‘ಕೋಖ್‌ವೇಶೆ’ ಎಂದರೆ ಕುದಿಸುವ ಒಗೆತ, 90 ಡಿಗ್ರಿ. ‘ಬುಂಟ್‌ವೇಶೆ’ ಬಣ್ಣದ ಬಟ್ಟೆಗೆ, ‘ಫೈನ್‌ವೇಶೆ’ ನಾಜೂಕಿನ ಬಟ್ಟೆಗೆ, ‘ಶ್ಲೊಯ್ಡೆರ್ನ್’ ಹಿಂಡುವುದಕ್ಕೆ. 2021ರ ಮಾರ್ಚ್‌ನಿಂದ ಯುರೋಪಿನ ಹೊಸ ಮಷೀನುಗಳಲ್ಲೆಲ್ಲ ‘ಇಕೊ 40–60’ ಎಂಬ ಕ್ರಮ ಕಡ್ಡಾಯ. ದೊಡ್ಡ ಮಷೀನುಗಳಲ್ಲಿ ಅದು ಮೂರು ಗಂಟೆ ಮೀರಿ ಓಡುತ್ತದೆ. ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ, ವಿದ್ಯುತ್ತಿನ ಬಹುಪಾಲು ಖರ್ಚಾಗುವುದು ನೀರು ಕಾಯಿಸಲು, ಕಡಿಮೆ ಬಿಸಿಯಲ್ಲಿ ಹೆಚ್ಚು ಹೊತ್ತು ಒಗೆದರೆ ಉಳಿತಾಯ.

ಪುಡಿಯ ಆಯ್ಕೆಯಲ್ಲಿ ಕನ್ನಡಿಗರು ಒಂದು ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ‘ಫೋಲ್‌ವಾಶ್‌ಮಿಟೆಲ್’ ಎಂಬ ಪುಡಿಯಲ್ಲಿ ಬಿಳುಪುಕಾರಕ ಇರುತ್ತದೆ. ಬಿಳಿ ಪಂಚೆ, ಟವೆಲ್ಲು, ಹಾಸಿಗೆ ವಸ್ತ್ರಗಳಿಗೆ ಒಳ್ಳೆಯದು, ಬಣ್ಣದ ಬಟ್ಟೆಯನ್ನು ಮಾತ್ರ ಮಂಕಾಗಿಸುತ್ತದೆ. ಬಣ್ಣಕ್ಕೆ ‘ಕಲರ್‌ವಾಶ್‌ಮಿಟೆಲ್’. ಇವೆರಡರಲ್ಲೂ ಸಾಮಾನ್ಯವಾಗಿ ಪ್ರೋಟೀನನ್ನು ಕರಗಿಸುವ ಕಿಣ್ವಗಳಿರುತ್ತವೆ. ಸಾರಿನ ಕಲೆ, ಮೊಟ್ಟೆಯ ಕಲೆ ಹೋಗುವುದು ಅವುಗಳಿಂದಲೇ. ಆದರೆ ರೇಷ್ಮೆ, ಉಣ್ಣೆಗಳೂ ಪ್ರೋಟೀನೇ. ಊರಿನಿಂದ ಜೋಪಾನವಾಗಿ ಒಯ್ದ ರೇಷ್ಮೆ ಕುಪ್ಪಸವನ್ನೋ ಉಣ್ಣೆಯ ಶಾಲನ್ನೋ ಈ ಪುಡಿಗಳಲ್ಲಿ ಮತ್ತೆ ಮತ್ತೆ ಒಗೆದರೆ ಎಳೆ ಸವೆದು ಹೊಳಪು ಹೋಗುತ್ತದೆ. ಅವಕ್ಕೆ ‘ವೊಲ್‌ವಾಶ್‌ಮಿಟೆಲ್’ ಎಂಬ ದ್ರವವೇ ಬೇಕು. ಜರಿಯ ಮೈಸೂರು ರೇಷ್ಮೆ ಸೀರೆಯನ್ನಂತೂ ಯಾವ ಮಷೀನಿಗೂ ಹಾಕಬಾರದು. ‘ರೈನಿಗುಂಗ್’ ಎಂಬ ಫಲಕವಿರುವ ಡ್ರೈಕ್ಲೀನಿಂಗ್ ಅಂಗಡಿಗೆ ಕೊಡುವುದೇ ಸರಿ. ಬಣ್ಣ ಬಿಡುವ ಕೈಮಗ್ಗದ ಹತ್ತಿ ಬಟ್ಟೆಯನ್ನು ಮೊದಲ ಕೆಲವು ಸಲ ಬಕೆಟ್ಟಿನಲ್ಲಿ ತಣ್ಣೀರಿಗೆ ಹಾಕಿ ಕೈಯಲ್ಲೇ ಜಾಲಿಸಿದರೆ ಉಳಿದ ಬಟ್ಟೆಗಳು ಬಚಾವು.

ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಕಂಡವರಿಗೆ ಬರ್ಲಿನ್, ಮ್ಯೂನಿಕ್‌ಗಳ ನಲ್ಲಿ ನೀರು ಹೊಸದೆನಿಸದು. ಜರ್ಮನಿಯಲ್ಲಿ ಗಡಸುತನವನ್ನು ಜರ್ಮನ್ ಡಿಗ್ರಿಯಲ್ಲಿ ಹೇಳುತ್ತಾರೆ: 8.4ಕ್ಕಿಂತ ಕಡಿಮೆಯಿದ್ದರೆ ಮೆದು, 14ಕ್ಕಿಂತ ಹೆಚ್ಚಿದ್ದರೆ ಗಡಸು, ನಡುವಿನದು ಮಧ್ಯಮ. ಪುಡಿಯ ಡಬ್ಬದ ಮೇಲೆ ಈ ಮೂರು ಮಟ್ಟಕ್ಕೂ ಬೇರೆ ಬೇರೆ ಪ್ರಮಾಣ ಅಚ್ಚಾಗಿರುತ್ತದೆ. ಊರಿನ ನೀರು ಸರಬರಾಜಿನವರು ಗಡಸುತನವನ್ನು ಪ್ರಕಟಿಸಿರುತ್ತಾರೆ. ಕಡಿಮೆ ಪುಡಿ ಹಾಕಿದರೆ ಕಾಯಿಸುವ ಸುರುಳಿಗೆ ಸುಣ್ಣ ಕಟ್ಟುತ್ತದೆ, ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ. ಸದಾ 30 ಡಿಗ್ರಿಯಲ್ಲಿ, ದ್ರವ ಸಾಬೂನಿನಲ್ಲೇ ಒಗೆಯುವ ಮನೆಗಳಲ್ಲಿ ಮಷೀನು ಮುಗ್ಗಲು ನಾತ ಹೊಡೆಯುವುದುಂಟು. ದ್ರವದಲ್ಲಿ ಬಿಳುಪುಕಾರಕ ಇಲ್ಲದಿರುವುದರಿಂದ ಒಳಗೆ ಲೋಳೆ ಬೆಳೆಯುತ್ತದೆ. ತಿಂಗಳಿಗೊಮ್ಮೆ 60 ಡಿಗ್ರಿಯಲ್ಲಿ ಪುಡಿ ಹಾಕಿ ಟವೆಲ್ಲು ಒಗೆದು, ಕೆಲಸವಾದ ಮೇಲೆ ಬಾಗಿಲನ್ನು ಓರೆಯಾಗಿ ತೆರೆದಿಟ್ಟರೆ ಸಾಕು.

ಒಗೆಯುವುದಕ್ಕಿಂತ ಕಷ್ಟ ಒಣಗಿಸುವುದು. ನಮ್ಮಲ್ಲಿ ತಾರಸಿಯ ಹಗ್ಗಕ್ಕೆ ಹರವಿದರೆ ಮಧ್ಯಾಹ್ನಕ್ಕೆ ಗರಿಗರಿ. ನವೆಂಬರಿನ ಬರ್ಲಿನ್‌ನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು, ಹೊರಗೆ ಮಂಜು, ಒಳಗೆ ಮುಚ್ಚಿದ ಕಿಟಕಿ. ಐದು ಕೆ.ಜಿ. ಹತ್ತಿ ಬಟ್ಟೆಯನ್ನು ನಿಮಿಷಕ್ಕೆ 1400 ಸುತ್ತು ಹಿಂಡಿದರೂ ಸುಮಾರು ಎರಡೂವರೆ ಲೀಟರು ನೀರು ಅದರಲ್ಲೇ ಉಳಿಯುತ್ತದೆ. ಮಲಗುವ ಕೋಣೆಯ ಸ್ಟ್ಯಾಂಡಿನ ಮೇಲೆ ಹರವಿದಾಗ ಅಷ್ಟೂ ನೀರು ಆವಿಯಾಗಿ ಆ ಕೋಣೆಯ ಗಾಳಿಗೇ ಸೇರುತ್ತದೆ. ಹೊರಗೋಡೆಯ ತಣ್ಣನೆಯ ಮೂಲೆ ಸಿಕ್ಕಿದೊಡನೆ ಹನಿಗಟ್ಟುತ್ತದೆ. ಕೆಲವು ವಾರಗಳಲ್ಲಿ ಬೀರುವಿನ ಹಿಂದೆ, ಕಿಟಕಿಯ ಸಂದಿಯಲ್ಲಿ ಕಪ್ಪು ಚುಕ್ಕೆಗಳೇಳುತ್ತವೆ. ಆ ಬೂಷ್ಟು ಮಕ್ಕಳ ಉಸಿರಾಟಕ್ಕೆ ಕೆಟ್ಟದ್ದು, ಮುಂಗಡಕ್ಕೂ ಕೆಟ್ಟದ್ದು. ಜರ್ಮನಿಯಲ್ಲಿ ಮುಂಗಡ ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆಯಷ್ಟು; ಬೂಷ್ಟಿಗೆ ಬಾಡಿಗೆದಾರರೇ ಕಾರಣವೆಂದಾದರೆ ದುರಸ್ತಿಯ ವೆಚ್ಚ ಅದರಿಂದಲೇ ಕಡಿತವಾಗಬಹುದು.

ಜರ್ಮನರು ಇದಕ್ಕೆ ಕಂಡುಕೊಂಡ ಉಪಾಯ ಸರಳ. ಕಿಟಕಿಯನ್ನು ದಿನವಿಡೀ ಓರೆ ಮಾಡಿಡದೆ, ದಿನಕ್ಕೆ ಕೆಲವು ಸಲ ಪೂರ್ತಿ ತೆರೆದು ಐದು-ಹತ್ತು ನಿಮಿಷದಲ್ಲಿ ಗಾಳಿಯನ್ನೆಲ್ಲ ಬದಲಾಯಿಸಿ ಮತ್ತೆ ಮುಚ್ಚುತ್ತಾರೆ. ಎಷ್ಟೋ ಕಟ್ಟಡಗಳಲ್ಲಿ ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ‘ಟ್ರೊಕೆನ್‌ರೌಮ್’ ಎಂಬ ಒಣಗಿಸುವ ಕೋಣೆಯೂ ಇರುತ್ತದೆ. ಮನೆ ನೋಡುವಾಗ ಕೇಳಿ ತಿಳಿಯಬೇಕಾದ ಸೌಲಭ್ಯ ಅದು. ಡ್ರೈಯರ್ ಕೊಳ್ಳುವುದಾದರೆ ಶಾಖ ಪಂಪಿನದೇ ಉತ್ತಮ. ಅದು ಬಿಸಿಗಾಳಿಯನ್ನು ಹೊರಗೆ ಬಿಡದೆ ಮತ್ತೆ ಮತ್ತೆ ಬಳಸುವುದರಿಂದ ವಿದ್ಯುತ್ ಬಹಳ ಕಡಿಮೆ ಸಾಕು.

ಸದ್ದಿನ ವಿಚಾರದಲ್ಲಿ ಅಲ್ಲಿ ರಿಯಾಯಿತಿ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ‘ರೂಹೆಟ್ಸೈಟ್’, ಅಂದರೆ ನಿಶ್ಶಬ್ದದ ಹೊತ್ತು. ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಜರ್ಮನಿಯ ಸಂವಿಧಾನವೇ ಕಾಪಾಡಿದೆ. ಮನೆಯೊಳಗೆ ಮಷೀನು ಇಡುವುದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ವಾಸದ ಹಕ್ಕಿನ ಭಾಗವೆಂದೇ ಒಪ್ಪಿವೆ; ಯಾವ ಹೊತ್ತಿನಲ್ಲಿ ಓಡಿಸಬಹುದೆಂಬುದು ‘ಹೌಸೋರ್ಡ್‌ನುಂಗ್’ ಎಂಬ ಕಟ್ಟಡದ ನಿಯಮಪಟ್ಟಿಯಲ್ಲಿರುತ್ತದೆ. ಸಹಿ ಹಾಕುವ ಮುನ್ನ ಅದನ್ನು ಓದಿಸಿಕೊಂಡು ಕೇಳಬೇಕು.

ನೀರು ಸೋರಿದರೆ ಕೆಳಗಿನ ಮನೆಯ ಚಾವಣಿಗೇ ಪೆಟ್ಟು. ಮರದ ತೊಲೆಗಳ ಹಳೆಯ ಕಟ್ಟಡಗಳಲ್ಲಿ ನಷ್ಟ ಸಾವಿರಗಟ್ಟಲೆ ಯುರೋ ಆಗಬಹುದು. ಕೊಳವೆ ಒಡೆದರೆ ತಾನಾಗಿ ನೀರು ನಿಲ್ಲಿಸುವ ಕವಾಟವುಳ್ಳ ಮಷೀನು ಕೊಳ್ಳುವುದು, ಓಡುವಾಗ ಮನೆಯಲ್ಲಿರುವುದು, ಮುಗಿದ ಮೇಲೆ ನಲ್ಲಿ ತಿರುಗಿಸುವುದು ಅಲ್ಲಿನವರ ರೂಢಿ. ‘ಹಾಫ್ಟ್‌ಫ್ಲಿಷ್ಟ್’ ಎಂಬ ವಿಮೆ ಇತರರಿಗೆ ಆದ ಇಂಥ ನಷ್ಟವನ್ನು ತುಂಬುತ್ತದೆ. ಹೊಸಬರು ಮೊದಲ ವಾರದಲ್ಲೇ ಮಾಡಿಸಿಕೊಳ್ಳಬೇಕಾದ ವಿಮೆ ಅದು.

ಮಷೀನೇ ಬೇಡವೆನ್ನುವವರಿಗೆ ‘ವಾಶ್‌ಸಲೋನ್’ ಇದೆ. ಒಂದು ಸಲಕ್ಕೆ ಸಾಮಾನ್ಯವಾಗಿ ನಾಲ್ಕಾರು ಯುರೋ, ಒಣಗಿಸುವುದಕ್ಕೆ ಪ್ರತ್ಯೇಕ. ಭಾನುವಾರ ಎಲ್ಲ ಕಡೆ ತೆರೆದಿರುವುದಿಲ್ಲ. ವಿದ್ಯಾರ್ಥಿ ನಿಲಯಗಳ ನೆಲಮಾಳಿಗೆಯಲ್ಲಿ ಇದಕ್ಕಿಂತ ಅಗ್ಗ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇರುವವರಿಗೆ, ಅದರಲ್ಲೂ ಮಗುವಿರುವ ಮನೆಗೆ, ಸೆಕೆಂಡ್ ಹ್ಯಾಂಡ್ ಮಷೀನೇ ಮೇಲು.

ಬೇರೆ ದೇಶಗಳ ರೀತಿ ಬೇರೆ. ಸ್ವೀಡನ್ನಿನಲ್ಲಿ ಕಟ್ಟಡದ ‘ತ್ವೆತ್‌ಸ್ತೂಗಾ’ದಲ್ಲಿ ಮುಂಚಿತವಾಗಿ ಸಮಯ ಕಾದಿರಿಸಿ ಒಗೆಯುತ್ತಾರೆ. ಬ್ರಿಟನ್ನಿನಲ್ಲಿ ಮಷೀನು ಬಹುತೇಕ ಅಡುಗೆಮನೆಯಲ್ಲಿ. ನ್ಯೂಯಾರ್ಕಿನ ಹಳೆಯ ಕಟ್ಟಡಗಳು ಮನೆಯೊಳಗೆ ಮಷೀನನ್ನು ನಿಷೇಧಿಸುವುದುಂಟು. ಅಲ್ಲಿ ನೆಲಮಾಳಿಗೆ, ಇಲ್ಲವೇ ಬೀದಿಯ ಲಾಂಡ್ರೊಮ್ಯಾಟ್.

ಜರ್ಮನಿಯ ಮನೆ ಬಿಡುವಾಗ ಮಷೀನನ್ನು ಮುಂದೆ ಬರುವ ಬಾಡಿಗೆದಾರರಿಗೆ ಮಾರಿಬಿಟ್ಟರೆ ಹೊರುವುದು ತಪ್ಪುತ್ತದೆ. ಮಾತುಕತೆ ಬಾಯಿಮಾತಿನಲ್ಲೇ ಉಳಿಯದೆ ಕಾಗದದ ಮೇಲಿರಬೇಕು, ಮಾಲೀಕರಿಗೂ ತಿಳಿದಿರಬೇಕು. ಒಯ್ಯುವುದಾದರೆ ನಲ್ಲಿ ಮುಚ್ಚಿ, ಕೆಳಗಿನ ಜಾಲರಿಯ ಮುಚ್ಚಳ ಬಿಚ್ಚಿ ಉಳಿದ ನೀರನ್ನು ತಟ್ಟೆಗೆ ಇಳಿಸಿ, ಎತ್ತಿಟ್ಟ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ಕೀಲಿ ಒಪ್ಪಿಸುವ ದಿನ ಬರೆಯುವ ದಾಖಲೆಯಲ್ಲಿ ಮಷೀನು ನಿಂತಿದ್ದ ನೆಲ, ಅದರ ಹಿಂದಿನ ಗೋಡೆ ಯಾವ ಸ್ಥಿತಿಯಲ್ಲಿವೆ ಎಂಬುದನ್ನೂ ಸೇರಿಸಿ, ಫೋಟೊ ತೆಗೆದಿಟ್ಟುಕೊಂಡರೆ ಮುಂಗಡದ ತಕರಾರಿಗೆ ಎಡೆಯಿರುವುದಿಲ್ಲ.