ನೆರೆಯನ್ನರಿತು ಮನೆಯನ್ನು ಕೊಳ್ಳುವುದು

ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಪಕ್ಕದ ಮನೆಯವರೂ ನೆರೆ. ಉಕ್ಕಿ ಬರುವ ಪ್ರವಾಹವೂ ನೆರೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಈ ನಾನಾರ್ಥವನ್ನು ಪಾಠಹೇಳಿದ ನಾನು ಅದರ ತಾತ್ಪರ್ಯವನ್ನು ಕಲಿತುದು 2022ನೆಯ ಇಸವಿಯ ಸೆಪ್ಟೆಂಬರಿನಲ್ಲಿ.

ನನ್ನ ತಮ್ಮನು ತನ್ನ ಉಳಿತಾಯವನ್ನೆಲ್ಲ ಕೂಡಿಸಿ, ಬ್ಯಾಂಕಿನ ಸಾಲವನ್ನೂ ಗೊತ್ತುಮಾಡಿಕೊಂಡು, ಬೆಂಗಳೂರಿನ ಪೂರ್ವಭಾಗದಲ್ಲಿ ಒಂದು ಮನೆಯನ್ನು ನೋಡಿದ್ದನು. “ಅಣ್ಣಾ, ನೀನೊಮ್ಮೆ ಬಂದು ನೋಡು. ನೀನು ಸರಿಯೆಂದರೆ ಮುಂಗಡ ಕೊಡುತ್ತೇನೆ” ಎಂದನು. ಹೋದೆನು. ಬಾಗಿಲು ಪೂರ್ವಕ್ಕಿತ್ತು, ಅಡಿಗೆಯ ಮನೆ ಆಗ್ನೇಯದಲ್ಲಿತ್ತು. ಎಲ್ಲವನ್ನೂ ಮೆಚ್ಚಿದೆನು. ಹಿಂದಿರುಗುವಾಗ ಬೀದಿಯ ತುದಿಯಲ್ಲಿ ಹಸು ಮೇಯಿಸುತ್ತಿದ್ದ ವೃದ್ಧನೊಬ್ಬನು, “ಸ್ವಾಮಿ, ಇದು ಕೆರೆ ಕೋಡಿ ಹರೀತಿದ್ದ ಜಾಗ” ಎಂದನು. ನಾನು ನಕ್ಕು ಮುಂದೆ ನಡೆದೆನು.

ಆ ಸೆಪ್ಟೆಂಬರಿನ ಮಳೆಗೆ ಮನೆಯೊಳಗೆ ಸೊಂಟದಮಟ್ಟ ನೀರು ನಿಂತಿತು. ನಾದಿನಿಯೂ ಮಕ್ಕಳೂ ಟ್ರ್ಯಾಕ್ಟರನ್ನೇರಿ ಹೊರಬಂದರು. ಸಾಲದ ಕಂತು ಇನ್ನೂ ತೀರಿಲ್ಲ. ಮನೆಯನ್ನು ಮಾರೋಣವೆಂದರೆ ಕೊಳ್ಳುವವರಿಲ್ಲ. ತಮ್ಮನು ಒಂದು ದಿನವಾದರೂ ನನ್ನನ್ನು ದೂರಿದವನಲ್ಲ. ಅದೇ ನನಗೆ ಹೆಚ್ಚಿನ ಭಾರ.

ಇದರ ಕಾರಣವೇನೂ ಗೂಢವಾದುದಲ್ಲ. ಬೆಂಗಳೂರು ಎತ್ತರದ ದಿಣ್ಣೆಯ ಮೇಲಿರುವ ಊರು. ಹಿಂದಿನವರು ಅದರ ಕಣಿವೆಗಳಲ್ಲಿ ಕೆರೆಗಳನ್ನು ಸರಪಣಿಯಂತೆ ಕಟ್ಟಿ, ಮೇಲಿನ ಕೆರೆ ತುಂಬಿದಾಗ ಹೆಚ್ಚಿದ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಸೇರುವಂತೆ ಮಾಡಿದ್ದರು. ಕೆರೆಯ ಮೇಲೆ ಊರು ಬೆಳೆಯುವುದು ಹೊಸತಲ್ಲ. ಧರ್ಮಾಂಬುಧಿ ಕೆರೆಯಿದ್ದೆಡೆಯಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಿದ್ದೆಡೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆದರೆ ಕಾಲುವೆಯನ್ನು ಮುಚ್ಚಿದ ಮಾತ್ರಕ್ಕೆ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ.

ನನಗೆ ನಾಚಿಕೆಯಾದುದು ಮತ್ತೊಂದು ಕಾರಣದಿಂದ. ವರಾಹಮಿಹಿರನ ಬೃಹತ್ಸಂಹಿತೆಯನ್ನು ಓದಿದವನು ನಾನು. ವಾಸ್ತುವನ್ನು ಹೇಳುವ ಅಧ್ಯಾಯದಲ್ಲಿ ಆತನು ದಿಕ್ಕುಗಳನ್ನು ಮಾತ್ರವಲ್ಲ, ನೆಲವನ್ನೂ ಪರೀಕ್ಷಿಸಲು ಹೇಳಿದ್ದಾನೆ: ಒಂದು ಮೊಳದ ಗುಂಡಿಯನ್ನು ತೋಡಿ, ಅದೇ ಮಣ್ಣಿನಿಂದ ತುಂಬಿದಾಗ ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಹೋದರೆ ಅಧಮ. ಶಾಸ್ತ್ರದಲ್ಲಿ ನನಗೆ ಸುಲಭವಾದುದನ್ನು ಹಿಡಿದು, ಶ್ರಮವಾದುದನ್ನು ಬಿಟ್ಟೆನು.

ಆದುದರಿಂದ ಮನೆಕೊಳ್ಳುವ ಗೃಹಸ್ಥರಲ್ಲಿ ನನ್ನ ಕೆಲವು ವಿಜ್ಞಾಪನೆಗಳು.

ಮೊದಲನೆಯದಾಗಿ, ಹಳೆಯ ಗ್ರಾಮ ನಕಾಶೆಯಲ್ಲಿ ಆ ಸರ್ವೆ ನಂಬರನ್ನು ಹುಡುಕಿ, ಕೆರೆ, ಕಾಲುವೆ, ಖರಾಬು ಭೂಮಿ ಎಲ್ಲಿವೆಯೆಂದು ನೋಡತಕ್ಕದ್ದು. ಈಗ ಕಂದಾಯ ಇಲಾಖೆಯ ‘ದಿಶಾಂಕ್’ ಎಂಬ ಸಾಧನದಿಂದ ಮೊಬೈಲಿನಲ್ಲಿಯೇ ಇದನ್ನು ನೋಡಬಹುದು. ಕ್ರಯಪತ್ರಗಳನ್ನೂ ಋಣಭಾರ ಪತ್ರವನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು.

ಎರಡನೆಯದಾಗಿ, ಕುಡಿಯುವ ನೀರಿನ ಮೂಲವನ್ನು ವಿಚಾರಿಸಬೇಕು. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ಬರುತ್ತದೆ. ಎಲ್ಲ ಬಡಾವಣೆಗಳಿಗೂ ಅದು ತಲಪಿರುವುದಿಲ್ಲ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ, ಅನೇಕ ಮನೆಗಳವರು ಟ್ಯಾಂಕರಿನ ದಾರಿ ಕಾಯಬೇಕಾಯಿತು.

ಮೂರನೆಯದಾಗಿ, ಮನೆಯನ್ನು ಒಂದು ಭಾನುವಾರ ಮಾತ್ರ ನೋಡಿ ಬರಬಾರದು. ಕಚೇರಿಯ ವೇಳೆಯಲ್ಲಿ ಒಮ್ಮೆ, ರಾತ್ರಿಯಲ್ಲಿ ಒಮ್ಮೆ, ಜೋರು ಮಳೆ ಬಿದ್ದ ಮರುದಿನ ಒಮ್ಮೆ ಹೋಗಿರಿ. ಬೀದಿದೀಪಗಳು ಉರಿಯುವುವೆ? ಹೆಣ್ಣುಮಕ್ಕಳು ಹೊತ್ತು ಮುಳುಗಿದ ಮೇಲೆ ನಿರ್ಭಯವಾಗಿ ನಡೆದುಬರಬಹುದೆ? ಶಾಲೆಗೂ ಆಸ್ಪತ್ರೆಗೂ ದೂರವೆಷ್ಟು? ಮನೆಯ ಗೃಹಿಣಿಯನ್ನು ಜೊತೆಗೆ ಕರೆದೊಯ್ಯಿರಿ. ಪುರುಷರ ಕಣ್ಣಿಗೆ ಬೀಳದುದು ಆಕೆಯ ಕಣ್ಣಿಗೆ ಬೀಳುವುದುಂಟು.

ಕಡೆಯದಾಗಿ, ನೆರೆಹೊರೆಯವರನ್ನು ಮಾತನಾಡಿಸಿರಿ. ಮಾರುವವನಿಗೆ ಮಾರುವ ಆತುರವಿರುತ್ತದೆ. ಹಾಲಿನವನಿಗೂ ಅಂಗಡಿಯವನಿಗೂ ಹಸು ಮೇಯಿಸುವ ವೃದ್ಧನಿಗೂ ಸುಳ್ಳು ಹೇಳಿ ಆಗಬೇಕಾದುದೇನೂ ಇಲ್ಲ. ಗೋಡೆಯನ್ನು ಕೆಡವಿ ಕಟ್ಟಬಹುದು, ಬಾಗಿಲನ್ನು ಬದಲಾಯಿಸಬಹುದು, ನೆರೆಯನ್ನು ಬದಲಾಯಿಸಲಾಗದು. ಆ ರಾತ್ರಿ ತಮ್ಮನ ಮಕ್ಕಳಿಗೆ ಬೆಚ್ಚಗಿನ ಹೊದಿಕೆಯನ್ನೂ ಊಟವನ್ನೂ ಕೊಟ್ಟವರು ದಿಣ್ಣೆಯ ಮೇಲಿನ ಬೀದಿಯ ಅಪರಿಚಿತರು. ಒಂದು ನೆರೆ ನೂಕಿದವರನ್ನು ಮತ್ತೊಂದು ನೆರೆ ಕಾಯಿತು.

ಈಚೆಗೆ ನನ್ನ ಮಗಳಿಗಾಗಿ ಮನೆಯೊಂದನ್ನು ನೋಡಲು ಹೊರಟಾಗ, ತಮ್ಮನನ್ನೇ ಜೊತೆಗೆ ಕರೆದೊಯ್ದೆನು. ಅವನು ಮನೆಯ ಬಾಗಿಲಿಗೆ ಹೋಗುವ ಮುನ್ನ ಬೀದಿಯ ಮೂಲೆಯಲ್ಲಿ ಹೂಕಟ್ಟುತ್ತಿದ್ದ ಮುದುಕಿಯ ಬಳಿ ನಿಂತು, “ಅಮ್ಮಾ, ಇಲ್ಲಿ ಮಳೆ ನೀರು ಯಾವ ಕಡೆ ಹೋಗುತ್ತೆ?” ಎಂದು ಕೇಳಿದನು. ಆಕೆ ಹೂವನ್ನು ಕೆಳಗಿಟ್ಟು, ಕೈ ತೋರಿಸಿ, ವಿವರವಾಗಿ ಹೇಳಿದಳು. ನಾವಿಬ್ಬರೂ ನಿಂತು ಪೂರ್ತಿಯಾಗಿ ಕೇಳಿದೆವು.