ಕುಟುಂಬದ ಫೋಟೊದೊಳಗೆ ಅಡಗಿದ್ದ ಯುದ್ಧ

1937ರ ಡ್ರೆಸ್ಡೆನ್ ನಗರ. ಆಧುನಿಕ ಕಲೆಯನ್ನು ಹೀಯಾಳಿಸಲೆಂದೇ ನಾತ್ಸಿಗಳು ಏರ್ಪಡಿಸಿದ ಪ್ರದರ್ಶನ. ಪುಟ್ಟ ಹುಡುಗ ಕುರ್ಟ್ ಚಿಕ್ಕಮ್ಮನ ಜೊತೆ ನಿಂತು ನೋಡುತ್ತಿದ್ದಾನೆ. ಮಾರ್ಗದರ್ಶಿ ಜರೆದ ಚಿತ್ರ ತನಗೆ ಇಷ್ಟವೆಂದು ಚಿಕ್ಕಮ್ಮ ಎಲಿಜಬೆತ್ ಅವನ ಕಿವಿಯಲ್ಲಿ ಉಸುರುತ್ತಾಳೆ, ಯಾರಿಗೂ ಹೇಳಬೇಡ ಎಂದು.

ಫ್ಲೋರಿಯಾನ್ ಹೆಂಕೆಲ್ ಫಾನ್ ಡೊನರ್ಸ್‌ಮಾರ್ಕ್ ನಿರ್ದೇಶನದ ಜರ್ಮನ್ ಚಿತ್ರ ‘ನೆವರ್ ಲುಕ್ ಅವೇ’ (2018) ಆರಂಭವಾಗುವುದು ಹೀಗೆ. ಮೂರು ಗಂಟೆಗೂ ಮೀರಿದ ಈ ಚಿತ್ರ 2019ರಲ್ಲಿ ಎರಡು ಆಸ್ಕರ್ ನಾಮಕರಣ ಪಡೆಯಿತು.

ಎಲಿಜಬೆತ್‌ಳಿಗೆ ಮನೋರೋಗವೆಂದು ಆಸ್ಪತ್ರೆಗೆ ಎಳೆದೊಯ್ಯುತ್ತಾರೆ. ಆಕೆ ಮರಳಿ ಬರುವುದಿಲ್ಲ. 1945ರ ಫೆಬ್ರುವರಿಯಲ್ಲಿ ಬಾಂಬು ದಾಳಿಗೆ ಡ್ರೆಸ್ಡೆನ್ ಉರಿಯುತ್ತದೆ. ಬೆಳೆದು ಚಿತ್ರಕಾರನಾದ ಕುರ್ಟ್ ಎಲ್ಲಿ ಎಂಬ ಹುಡುಗಿಯನ್ನು ಮೆಚ್ಚಿ ಮದುವೆಯಾಗುತ್ತಾನೆ. ಅವಳ ತಂದೆ ಪ್ರೊಫೆಸರ್ ಸೀಬಾಂಡ್ ಹೆಸರಾಂತ ವೈದ್ಯ. ಚಿಕ್ಕಮ್ಮನನ್ನು ಸಾವಿಗೆ ಕಳಿಸಿದವನು ಅವನೇ. ಪ್ರೇಕ್ಷಕನಿಗೆ ಇದು ಗೊತ್ತು, ಅಳಿಯನಿಗೆ ಗೊತ್ತಿಲ್ಲ.

ಈ ಕಥೆಗೆ ಆಧಾರ 1932ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಕಲಾವಿದ ಗೆರ್ಹಾರ್ಡ್ ರಿಕ್ಟರ್ ಅವರ ಬದುಕು. ಅವರ ಚಿಕ್ಕಮ್ಮ ಮರಿಯಾನೆಗೂ ಇದೇ ಗತಿಯಾಗಿತ್ತು. 1934ರಲ್ಲಿ ಜಾರಿಗೆ ಬಂದ ಕಾನೂನಿನಡಿ ನಾತ್ಸಿ ಆಡಳಿತ ಸುಮಾರು 4 ಲಕ್ಷ ಜನರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡಿಸಿತು. 1940-41ರಲ್ಲಿ 70 ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವಿಷಾನಿಲ ಕೊಠಡಿಗಳಲ್ಲಿ ಕೊಂದಿತು. ಆಮೇಲೆ ಆಸ್ಪತ್ರೆಗಳಲ್ಲೇ ಉಪವಾಸ ಕೆಡವಿ, ಅತಿಯಾಗಿ ಔಷಧಿ ಕೊಟ್ಟು ಕೊಲ್ಲಲಾಯಿತು. ಮರಿಯಾನೆ ಸತ್ತದ್ದು ಹಾಗೆ, 1945ರ ಫೆಬ್ರುವರಿಯಲ್ಲಿ.

ಕಮ್ಯುನಿಸ್ಟ್ ಪೂರ್ವ ಜರ್ಮನಿಯಲ್ಲಿ ಸರ್ಕಾರ ಮೆಚ್ಚುವ ಭಿತ್ತಿಚಿತ್ರ ಬರೆಯುತ್ತಿದ್ದ ರಿಕ್ಟರ್, 1961ರಲ್ಲಿ ಬರ್ಲಿನ್ ಗೋಡೆ ಏಳುವ ಕೆಲವೇ ತಿಂಗಳ ಮೊದಲು ಪಶ್ಚಿಮಕ್ಕೆ ಹೋದರು. ಅಲ್ಲಿ ಹಳೆಯ ಫೋಟೊಗಳನ್ನು ನೋಡಿ ಚಿತ್ರ ಬರೆಯುವ, ಹಸಿ ಬಣ್ಣದ ಮೇಲೆ ಕುಂಚ ಎಳೆದು ಅದನ್ನು ಮಸುಕಾಗಿಸುವ ತಮ್ಮದೇ ದಾರಿ ಹಿಡಿದರು. 1965ರ ‘ಚಿಕ್ಕಮ್ಮ ಮರಿಯಾನೆ’ ಅಂಥದ್ದು: ಹದಿಹರೆಯದ ಮರಿಯಾನೆ, ಅವಳ ಮುಂದೆ ಹಸುಗೂಸು ರಿಕ್ಟರ್. ಅವರ ಮಾವ ಹೈನ್ರಿಕ್ ಓಯ್ಫಿಂಗರ್ ಅದೇ ಸಂತಾನಹರಣ ಯೋಜನೆಯಲ್ಲಿ ಪಾಲ್ಗೊಂಡ ಎಸ್‌ಎಸ್ ವೈದ್ಯರಾಗಿದ್ದ ಸಂಗತಿ ಪತ್ರಕರ್ತ ಯೂರ್ಗೆನ್ ಶ್ರೈಬರ್ ಅವರ ಶೋಧದಿಂದ ಬೆಳಕಿಗೆ ಬಂದದ್ದು 2000ದ ನಂತರ.

ಆದರೆ ಚಿತ್ರವನ್ನೇ ಚರಿತ್ರೆಯೆಂದು ವಿದ್ಯಾರ್ಥಿಗಳು ನಂಬಬಾರದು. ಚಿತ್ರದಲ್ಲಿ ಚಿಕ್ಕಮ್ಮ ಸಾಯುವುದು ವಿಷಾನಿಲದಿಂದ. ಮಾವನೇ ಅವಳ ಸಾವಿಗೆ ಕಾರಣ ಎಂಬುದೂ ಕಥೆಗಾಗಿ ಬೆಸೆದದ್ದು. ತಮ್ಮ ಬದುಕನ್ನು ತಿರುಚಲಾಗಿದೆಯೆಂದು ರಿಕ್ಟರ್ ಕಟುವಾಗಿಯೇ ಆಕ್ಷೇಪಿಸಿದರು. ಬದುಕಿರುವವರ ನೋವನ್ನು ಕಥೆಯಾಗಿಸುವ ಹಕ್ಕು ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನು ಮಕ್ಕಳು ಮನೆಯಲ್ಲೇ ಚರ್ಚಿಸಬಹುದು.

ನಗ್ನ ದೃಶ್ಯಗಳೂ ವಿಷಾನಿಲ ಕೊಠಡಿಯ ದೃಶ್ಯವೂ ಇರುವುದರಿಂದ ಇದು ಚಿಕ್ಕ ಮಕ್ಕಳಿಗಲ್ಲ. ಕಾಲೇಜು ಓದುವ ಮಕ್ಕಳೊಡನೆ ತಂದೆತಾಯಿ ಕುಳಿತು ನೋಡಬಹುದಾದ ಚಿತ್ರ. ವಿಜ್ಞಾನದ ಹೆಸರಿನಲ್ಲಿ ಓದಿದವರೇ ಎಂಥ ಕೆಲಸಕ್ಕೆ ಸಹಿ ಹಾಕಿದರು ಎಂಬುದನ್ನು ಪಠ್ಯಪುಸ್ತಕದ ಎರಡು ಪ್ಯಾರಾಗಳಿಗಿಂತ ಇದು ಚೆನ್ನಾಗಿ ತಿಳಿಸುತ್ತದೆ.